ಹಳೇ ಆಕ್ಟೇವಿಯಾ ಆರ್‌ಎಸ್: ‘ಟರ್ಬೊ ಹೋಯ್ತು’ ಅನ್ನುವ ಮುಂಚೆ ಇಷ್ಟು ನೋಡಿ

ಈ ಕಾರು ಕೊಂಡವರಿಗೆ ಮೊದಲ ತಿಂಗಳಲ್ಲೇ ಯಾರಾದರೂ ಒಬ್ಬರು ಹೇಳುತ್ತಾರೆ: "ಟರ್ಬೊ ಹೋಗಿದೆ ಸಾರ್, ಬೇರೆ ಹಾಕಿಸಬೇಕು." ಟರ್ಬೊ ಅಂದರೆ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಪಂಪು. ನನಗೂ ಒಂದು ಗ್ಯಾರೇಜಿನಲ್ಲಿ ಹಾಗೇ ಹೇಳಿದ್ದರು. ಆ ರಾತ್ರಿ ನಿದ್ದೆ ಬಿಟ್ಟು ಸೆಕೆಂಡ್‌ಹ್ಯಾಂಡ್ ಟರ್ಬೊ ಎಲ್ಲಿ ಸಿಗುತ್ತದೆ ಎಂದು ಹುಡುಕಿದ್ದೆ. ಕೊನೆಗೆ ನೋಡಿದರೆ ಹಾಳಾಗಿದ್ದು ಸಿಲಿಂಡರುಗಳಿಗೆ ಗಾಳಿ ಹಂಚುವ ಇಂಟೇಕ್ ಮ್ಯಾನಿಫೋಲ್ಡಿನ ಕೆಳಗೆ ಅಡಗಿ ಕೂತಿದ್ದ, ಹೆಬ್ಬೆರಳು ದಪ್ಪದ ಒಂದು ರಬ್ಬರ್ ಪೈಪ್. ಮೇಲಿನಿಂದ ಚೆನ್ನಾಗೇ ಕಾಣುತ್ತಿತ್ತು. ಬೆರಳಲ್ಲಿ ಹಿಂಡಿದಾಗ ಕೆಳಮೈಯಲ್ಲಿ ಮೀನಿನ ಬಾಯಿಯ ಹಾಗೆ ಸೀಳು ತೆರೆದುಕೊಂಡಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. 2004ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬಗ್ಗೆ ಇದು. 1,781 ಸಿಸಿ ಪೆಟ್ರೋಲ್ ಟರ್ಬೊ ಇಂಜಿನ್, ಸಿಲಿಂಡರಿಗೆ 5ರಂತೆ 20 ವಾಲ್ವ್, 150 ಎಚ್‌ಪಿ, 5 ಗೇರಿನ ಮ್ಯಾನುವಲ್. ಹಿಂದೆ 528 ಲೀಟರಿನ ಡಿಕ್ಕಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಮದುವೆಗೂ ಹೋಗಬಹುದು, ಬೆಳಗ್ಗೆ 5 ಗಂಟೆಗೆ ಒಬ್ಬರೇ ಚಾರ್ಮಾಡಿ ಹತ್ತಲೂಬಹುದು. ಆಸೆ ಹುಟ್ಟುವುದು ಸಹಜ ಅಲ್ವಾ?

ಕಾರಿಗೆ ಈಗ ಸುಮಾರು 20 ವರ್ಷ. ಇದರ ಕಬ್ಬಿಣ ಗಟ್ಟಿ. ಸೋಲುವುದು ರಬ್ಬರು, ಪ್ಲಾಸ್ಟಿಕ್ಕು ಮತ್ತು ಹಿಂದಿನ ಮಾಲೀಕರ ಪ್ರಯೋಗಗಳು. ಸಮಾಧಾನದ ವಿಷಯ ಅಂದರೆ ಇದರ ಅಡಿಪಾಯ ನಾಲ್ಕನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್, ಮೊದಲ ಆಡಿ ಎ3 ಕಾರುಗಳದ್ದೇ. ಇಂಜಿನ್ನಿನ ಬಹಳಷ್ಟು ಬಿಡಿಭಾಗಗಳ ನಂಬರ್ ‘06ಎ’ಯಿಂದ ಶುರುವಾಗುತ್ತದೆ. ನಂಬರ್ ಸಮೇತ ಕೇಳಿದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಕೆಲಸ ಆಗುತ್ತದೆ, ಹೊರದೇಶದಿಂದ ತರಿಸುವುದೂ ಸುಲಭ. "ಆಕ್ಟೇವಿಯಾದು ಕೊಡಿ" ಅಂದರೆ ಡೀಸೆಲ್ ಕಾರಿಂದು ಕೊಟ್ಟು ಕಳಿಸುತ್ತಾರೆ.

ಕೆಲಸಕ್ಕೆ ಇಳಿಯುವ ಮುಂಚೆ ಎರಡು ಮಾತು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಇಡಿ. ಇನ್ನೊಂದು, ಕೀ ತೆಗೆದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗೇ ತಿರುಗಬಹುದು, ಅಲ್ಲಿಂದ ಕೈ ದೂರ ಇರಲಿ.

ಕೊಳ್ಳುವ ದಿನ: "ಇಂಜಿನ್ ಬಿಸಿ ಇದೆಯಲ್ಲ?"

ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿ ಇದ್ದರೆ ಮಾರುವವರು ಮೊದಲೇ ಸ್ಟಾರ್ಟ್ ಮಾಡಿದ್ದಾರೆ ಎಂದು ಅರ್ಥ. ಮೋಸ ಇರಲೇಬೇಕೆಂದಿಲ್ಲ. ಆದರೆ ತಣ್ಣಗಿನ ಇಂಜಿನ್ ಹೇಳುವ ಸತ್ಯ ಬಿಸಿ ಇಂಜಿನ್ ಹೇಳುವುದಿಲ್ಲ. "ನಾಳೆ ಬೆಳಗ್ಗೆ ಬರ್ತೀನಿ, ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ ವಾಪಸ್ ಬನ್ನಿ. ನಾನು ಹಾಗೆ ಎರಡು ಕಾರು ಬಿಟ್ಟಿದ್ದೇನೆ, ಪಶ್ಚಾತ್ತಾಪ ಇಲ್ಲ.

ಮರುದಿನ ಕೂಲೆಂಟ್ ಬಣ್ಣ ನೋಡಿ. ಗುಲಾಬಿ ಅಥವಾ ಕೆಂಪು ಇದ್ದರೆ ಸರಿ. ಕೆಸರಿನ ಬಣ್ಣ ಇದ್ದರೆ ಯಾರೋ ಹಸಿರು ಕೂಲೆಂಟ್ ಬೆರೆಸಿದ್ದಾರೆ, ಇಲ್ಲವೇ ನಲ್ಲಿ ನೀರು ಸುರಿದಿದ್ದಾರೆ. ಆಯಿಲ್ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ. ತಿಳಿ ಕಂದು ಬಣ್ಣದ ಲೋಹ ಕಂಡರೆ ಒಳ್ಳೆಯದು. ಕಪ್ಪು ಗ್ರೀಸಿನ ಹಾಗೆ ಕಿಟ್ಟ ಕಟ್ಟಿದ್ದರೆ ಹುಷಾರು, ಅದರ ಕಥೆ ಮುಂದೆ ಇದೆ.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು? ಬಿಲ್ ಇದೆಯಾ? "ಮಾಡಿಸಿದ್ದೀವಿ ಸಾರ್" ಅನ್ನುವುದು ಬಿಲ್ ಅಲ್ಲ. ಈ ಇಂಜಿನ್ನಲ್ಲಿ ಬೆಲ್ಟ್ ಹರಿದರೆ ಪಿಸ್ಟನ್ ಮತ್ತು ವಾಲ್ವ್ ಒಂದಕ್ಕೊಂದು ಬಡಿಯುತ್ತವೆ. ಬಿಲ್ ಇಲ್ಲದಿದ್ದರೆ ಬೆಲ್ಟು, ಟೆನ್ಷನರ್, ರೋಲರ್, ವಾಟರ್ ಪಂಪ್ ನಾಲ್ಕರ ಖರ್ಚನ್ನೂ ಕಾರಿನ ಬೆಲೆಯಲ್ಲಿ ಕಳೆಯಿರಿ. ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್, ಹಾಗಾಗಿ ಬೇರೆ ಬೇರೆ ಮಾಡಿಸುವುದು ದಂಡ. ನಾನು 80,000 ಕಿ.ಮೀ. ಅಥವಾ 5 ವರ್ಷ, ಯಾವುದು ಮೊದಲೋ ಅದಕ್ಕೆ ಬದಲಾಯಿಸುತ್ತೇನೆ. ನಮ್ಮ ಟ್ರಾಫಿಕ್ಕಿಗೆ ಅದಕ್ಕಿಂತ ಜಾಸ್ತಿ ನಂಬಲು ಧೈರ್ಯ ಬರಲ್ಲ.

ಕಾಗದ ಪತ್ರದಲ್ಲಿ: ಆರ್‌ಸಿಯಲ್ಲಿ ಪೆಟ್ರೋಲ್ ಎಂದೂ 1781 ಸಿಸಿ ಎಂದೂ ಇದೆಯಾ ನೋಡಿ. ಡೀಸೆಲ್ ಕಾರಿಗೆ ಆರ್‌ಎಸ್ ಬ್ಯಾಡ್ಜ್ ಅಂಟಿಸಿದವರು ಬೇಕಾದಷ್ಟಿದ್ದಾರೆ. 15 ವರ್ಷ ಆದ ಮೇಲೆ ನೋಂದಣಿ ನವೀಕರಣ ಆಗಿರಬೇಕು, ಅದು 5 ವರ್ಷಕ್ಕೆ ಒಮ್ಮೆ. ಆಗಿಲ್ಲದಿದ್ದರೆ ಆ ಓಡಾಟ, ಹಸಿರು ತೆರಿಗೆ ಎಲ್ಲ ನಿಮ್ಮ ತಲೆಗೆ. ಚಾಸಿ ನಂಬರನ್ನು ಕಣ್ಣಾರೆ ನೋಡಿ, ಫೋಟೊ ಸಾಲದು.

"ಪಿಕಪ್ ಇಲ್ಲ"

ಇದು ದೊಡ್ಡ ಅಧ್ಯಾಯ. ಈ ಕಾರಿನ ದೂರುಗಳಲ್ಲಿ ಅರ್ಧಕ್ಕರ್ಧ ಇದೇ.

ಮೊದಲು ಯಾವ ಥರ ಪಿಕಪ್ ಇಲ್ಲ ಅನ್ನುವುದನ್ನು ಬೇರೆ ಮಾಡಿಕೊಳ್ಳಿ. ಚೆನ್ನಾಗಿ ಎಳೆಯುತ್ತಾ ಹೋಗಿ, ಇದ್ದಕ್ಕಿದ್ದಂತೆ ಯಾರೋ ಹಿಂದಿನಿಂದ ಹಿಡಿದ ಹಾಗೆ ಸತ್ತು, ಕೀ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಸರಿಯಾದರೆ, ಅಲ್ಲಿ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಜಾಸ್ತಿ ಆಗಿದೆ. ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಹೆದರಿ ಪವರ್ ಕಡಿತ ಮಾಡುವ ಲಿಂಪ್ ಮೋಡಿಗೆ ಹೋಗಿದೆ. ಯಾವಾಗಲೂ ಮಂದ, ಆಕ್ಸಿಲರೇಟರ್ ಒತ್ತಿದಾಗ ಬಾನೆಟ್ ಒಳಗಿಂದ ‘ಸುಯ್’ ಅಂತ ಗಾಳಿ ಸದ್ದು ಬಂದರೆ ಬೂಸ್ಟ್ ಸೋರುತ್ತಿದೆ. ಸದ್ದಿಲ್ಲ, ಹೊಗೆಯಿಲ್ಲ, ಸುಮ್ನೆ ಮೇಲಿನ ಆರ್‌ಪಿಎಮ್‌ನಲ್ಲಿ ಉಸಿರು ಕಟ್ಟಿದ ಹಾಗಾದರೆ ಒಳಬರುವ ಗಾಳಿ ಅಳೆಯುವ ಏರ್ ಮಾಸ್ ಸೆನ್ಸರ್, ಪೆಟ್ರೋಲ್ ಫಿಲ್ಟರ್ ಅಥವಾ ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಡಬ್ಬಿ).

*ದುಡ್ಡಿಲ್ಲದ ಪರೀಕ್ಷೆ.* ತಣ್ಣಗಿನ ಇಂಜಿನ್, ಟಾರ್ಚು, ಕೈ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್, ಅಲ್ಲಿಂದ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತನಕ ಪೈಪಿನ ದಾರಿ ಹಿಡಿದು ಹೋಗಿ. ಪ್ರತಿ ಕೀಲಲ್ಲೂ ಕ್ಲಿಪ್ ತಿರುಗಿಸಿ ನೋಡಿ. ಕೀಲಿನ ಸುತ್ತ ಹಸಿ ಎಣ್ಣೆ ಮತ್ತು ಧೂಳು ಹತ್ತಿದ್ದರೆ ಅಲ್ಲಿಂದ ಗಾಳಿ ಹೊರಗೆ ಹೋಗುತ್ತಿದೆ. ಆಮೇಲೆ ಮ್ಯಾನಿಫೋಲ್ಡಿನ ಕೆಳಗಿನ, ಇಂಜಿನ್ನಿನ ಹೊಟ್ಟೆಯ ಆವಿ ಒಯ್ಯುವ ಬ್ರೀದರ್ ಪೈಪುಗಳು. ನೋಡುವುದಲ್ಲ, ಹಿಂಡಬೇಕು. ಗಟ್ಟಿಯಾಗಿ ಬಿಸ್ಕತ್ತಿನ ಹಾಗೆ ಮುರಿಯುವಂತಿದ್ದರೂ ಕೆಲಸ ಮುಗಿದಿದೆ, ಆಯಿಲ್ ಕುಡಿದು ಮೆತ್ತಗೆ ಲೊಳಲೊಳ ಆಗಿದ್ದರೂ ಮುಗಿದಿದೆ. ಒಂದು ಹೋಗಿದ್ದರೆ ಉಳಿದವೂ ಅದೇ ವಯಸ್ಸಿನವು, ಸೆಟ್ ಬದಲಾಯಿಸಿ.

*ಡೈವರ್ಟರ್ ವಾಲ್ವ್.* ಗೇರ್ ಬದಲಾಯಿಸುವಾಗ ಉಳಿದ ಬೂಸ್ಟನ್ನು ವಾಪಸ್ ಟರ್ಬೊ ಮೂತಿಗೆ ತಿರುಗಿಸುವ ವಾಲ್ವ್ ಇದು. ಒಳಗಿನ ರಬ್ಬರ್ ಪೊರೆ ಹರಿದರೆ ಪೂರ್ತಿ ಬೂಸ್ಟ್ ನಿಲ್ಲುವುದಿಲ್ಲ. ಬಿಚ್ಚಿ ಕೈಗೆ ತೆಗೆದುಕೊಳ್ಳಿ. ಒಳಗಿನ ತಟ್ಟೆಯನ್ನು ಬೆರಳಿನಿಂದ ಒತ್ತಿ ಹಿಡಿದು, ಮೇಲಿನ ಸಣ್ಣ ಮೂತಿಯನ್ನು ಇನ್ನೊಂದು ಬೆರಳಿನಿಂದ ಮುಚ್ಚಿ, ಈಗ ತಟ್ಟೆಯನ್ನು ಬಿಡಿ. ಮುಚ್ಚಿರುವ ತನಕ ಅದು ಒಳಗೇ ನಿಲ್ಲಬೇಕು. ಮೆಲ್ಲಗೆ ವಾಪಸ್ ಬಂದರೆ ಪೊರೆ ತೂತು. ಬದಲಿಗೆ ‘710ಎನ್’ ಎಂದು ನಂಬರ್ ಮುಗಿಯುವ ಕಂಪನಿ ವಾಲ್ವನ್ನೇ ಹಾಕಿ. ಮಿರಮಿರ ಮಿಂಚುವ ಅಲ್ಯೂಮಿನಿಯಂ ವಾಲ್ವುಗಳ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

*ಸ್ಕ್ಯಾನರ್.* ಹತ್ತು ಜನ ಮೆಕ್ಯಾನಿಕ್‌ಗಳ ಊಹೆಗಿಂತ ಕಾರಿನ ದೋಷದ ಕೋಡ್‌ಗಳನ್ನು ಲ್ಯಾಪ್‌ಟಾಪಿನಲ್ಲಿ ಓದಿಸುವ ಒಂದು ವಿಸಿಡಿಎಸ್ ಕೇಬಲ್ ಮೇಲು. 17965 ಕೋಡ್ ಬಂದರೆ ಬೂಸ್ಟ್ ಮಿತಿ ಮೀರಿದೆ. ಬೂಸ್ಟಿಗೆ ಮಿತಿ ಹಾಕುವ ವೇಸ್ಟ್‌ಗೇಟ್‌ಗೆ ಹೋಗುವ ಸಣ್ಣ ಪೈಪ್ ಕಳಚಿದೆಯಾ, ಅದನ್ನು ನಿಯಂತ್ರಿಸುವ ಎನ್75 ವಾಲ್ವ್ ಸಿಕ್ಕಿಕೊಂಡಿದೆಯಾ ನೋಡಿ. 17705 ಬಂದರೆ ಟರ್ಬೊ ಮತ್ತು ಥ್ರಾಟಲ್ ನಡುವೆ ಒತ್ತಡ ಬಿದ್ದಿದೆ, ಅಂದರೆ ಸೋರಿಕೆ. ಎರಡೂ ಕೋಡಿಗೆ ಸಾಮಾನ್ಯವಾಗಿ ಕಾರಣ ಟರ್ಬೊ ಅಲ್ಲ, ಪೈಪು.

ಕೋಡಿಗಿಂತ ಹೆಚ್ಚು ಮಾತಾಡುವುದು ಅದೇ ಸ್ಕ್ಯಾನರಿನಲ್ಲಿ ಕಾಣುವ ಮೆಷರಿಂಗ್ ಬ್ಲಾಕ್ 032. ಅಲ್ಲಿ ಎರಡು ಶೇಕಡಾ ಸಂಖ್ಯೆ ಇರುತ್ತವೆ: ಪೆಟ್ರೋಲನ್ನು ಎಷ್ಟು ಜಾಸ್ತಿ ಅಥವಾ ಕಡಿಮೆ ಹಾಕಬೇಕಾಗಿ ಬಂದಿದೆ ಎಂದು ಇಸಿಯು ಬರೆದುಕೊಂಡ ಲೆಕ್ಕ. ಮೊದಲನೆಯದು ಐಡಲ್‌ನದು, ಅಂದರೆ ಕಾರು ನಿಂತು ಇಂಜಿನ್ ಮಾತ್ರ ತಿರುಗುವಾಗಿನದು, ಎರಡನೆಯದು ಓಡುವಾಗಿನದು. ಐಡಲ್ ಸಂಖ್ಯೆ ಮೇಲೆ ಹೋಗಿ ಓಡುವಾಗಿನದು ಸರಿ ಇದ್ದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತಿದೆ, ವ್ಯಾಕ್ಯೂಮ್ ಪೈಪ್ ಹುಡುಕಿ. ಐಡಲ್ ಸರಿ ಇದ್ದು ಎರಡನೆಯದು ಮೇಲೆ ಹೋಗಿದ್ದರೆ ಏರ್ ಮಾಸ್ ಸೆನ್ಸರ್ ಸುಳ್ಳು ಹೇಳುತ್ತಿದೆ, ಇಲ್ಲವೇ ಪೆಟ್ರೋಲ್ ಸಾಲುತ್ತಿಲ್ಲ. ಎರಡೂ 10ರೊಳಗೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಇಲ್ಲೊಂದು ಹೊಸ ಗೊಂದಲ ಸೇರಿದೆ. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ 20 ಭಾಗ ಎಥನಾಲ್. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು. ಹಾಗಾಗಿ ಅಷ್ಟೇ ಗಾಳಿಗೆ ಇಸಿಯು ಇಂಧನ ಜಾಸ್ತಿ ಹಾಕಬೇಕು. ಏನೂ ಕೆಟ್ಟಿಲ್ಲದ ಕಾರಲ್ಲೂ ಈ ಸಂಖ್ಯೆ ಕೆಲವು ಅಂಕ ಮೇಲೇ ಕೂರುತ್ತದೆ. ಇದು ಗೊತ್ತಿಲ್ಲದೆ ಇಲ್ಲದ ಸೋರಿಕೆ ಹುಡುಕುತ್ತಾ ಒಂದು ಭಾನುವಾರ ಪೂರ್ತಿ ಕಳೆದಿದ್ದೇನೆ. ಹಳೇ ಪೆಟ್ರೋಲ್ ಪೈಪುಗಳ ಮೇಲೂ ಕಣ್ಣಿಡಿ. ಬಾನೆಟ್ ತೆರೆದಾಗ ಪೆಟ್ರೋಲ್ ವಾಸನೆ ಬಂದರೆ ಅಲ್ಲಿಗೇ ಸ್ಟಾಪ್, ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ.

ಏರ್ ಮಾಸ್ ಸೆನ್ಸರಿಗೆ ಬಡವರ ಪರೀಕ್ಷೆ ಒಂದಿದೆ. ಅದರ ಪ್ಲಗ್ ಕಿತ್ತು ಓಡಿಸಿ ನೋಡಿ. ಕಿತ್ತಾಗಲೇ ಕಾರು ಚೆನ್ನಾಗಿ ಓಡಿದರೆ ಸೆನ್ಸರ್ ಮೇಲೆ ಅನುಮಾನ ಗಟ್ಟಿ. ಸ್ಕ್ಯಾನರ್ ಇದ್ದರೆ ಇನ್ನೂ ಚೆನ್ನ. ಮೂರನೇ ಗೇರಲ್ಲಿ ಪೂರ್ತಿ ಒತ್ತಿದಾಗ ಸೆಕೆಂಡಿಗೆ ಎಷ್ಟು ಗ್ರಾಂ ಗಾಳಿ ಬರುತ್ತದೆ ನೋಡಿ. ಅಶ್ವಶಕ್ತಿಯ ಸುಮಾರು 0.8ರಷ್ಟು ಇರಬೇಕು, 150 ಎಚ್‌ಪಿಗೆ 120ರ ಆಸುಪಾಸು. ಖಾಲಿ ರಸ್ತೆಯಲ್ಲಿ, ಲ್ಯಾಪ್‌ಟಾಪ್ ಇನ್ನೊಬ್ಬರ ತೊಡೆ ಮೇಲಿರಲಿ. ಡ್ರೈವರ್ ಪರದೆ ನೋಡಬಾರದು.

*ಒತ್ತಡದ ಪರೀಕ್ಷೆ.* ಇಷ್ಟಾದರೂ ಸಿಗದಿದ್ದರೆ ಟರ್ಬೊ ಮೂತಿಗೆ ಮುಚ್ಚಳ ಹಾಕಿ, ಅದರಲ್ಲಿ ಟ್ಯೂಬ್ ವಾಲ್ವ್ ಕೂರಿಸಿ, ಸೈಕಲ್ ಪಂಪಿನಿಂದ ಅರ್ಧ ಬಾರ್ ತನಕ ಗಾಳಿ ತುಂಬಿ, ಸೋಪು ನೀರು ಚಿಮುಕಿಸಿ. ಸೋರುವ ಕಡೆ ಗುಳ್ಳೆ ಏಳುತ್ತದೆ. ನನ್ನ ಮೀನುಬಾಯಿ ಸೀಳು ಇರುವ ಜಾಗ ಗೊತ್ತಾಗಿದ್ದು ಹೀಗೇ. ಅರ್ಧ ಬಾರ್ ಅಂದರೆ ಅರ್ಧ ಬಾರ್. ಬ್ರೀದರ್ ಮೂಲಕ ಈ ಗಾಳಿ ಇಂಜಿನ್ನಿನ ಹೊಟ್ಟೆಗೂ ಹೋಗುತ್ತದೆ, ಜಾಸ್ತಿ ತುಂಬಿದರೆ ಆಯಿಲ್ ಸೀಲ್ ಕಿತ್ತುಕೊಳ್ಳುತ್ತದೆ.

*ಕೊನೆಗೆ ಟರ್ಬೊ.* ತಣ್ಣಗಿದ್ದಾಗ ಮೂತಿಯ ಪೈಪ್ ತೆಗೆದು ಶಾಫ್ಟ್ ಹಿಡಿದು ಅಲ್ಲಾಡಿಸಿ. ಅಡ್ಡಕ್ಕೆ ತುಸು ಆಟ ಇರುವುದು ಸಹಜ. ಒಳಕ್ಕೂ ಹೊರಕ್ಕೂ ಜಗ್ಗಿದಾಗ ಆಡಿದರೆ, ಅಥವಾ ರೆಕ್ಕೆ ಗೋಡೆಗೆ ಉಜ್ಜಿದ ಗುರುತು ಕಂಡರೆ, ಹೌದು, ಈಗ ಟರ್ಬೊ ಹೋಗಿದೆ. ಇದು ನುರಿತವರ ಕೆಲಸ. ಹೊಸ ಟರ್ಬೊ ಹಾಕಿಸುವಾಗ ಅದಕ್ಕೆ ಆಯಿಲ್ ಒಯ್ಯುವ ಕಬ್ಬಿಣದ ಪೈಪನ್ನೂ ಹೊಸದೇ ಹಾಕಿಸಿ. ಎಕ್ಸಾಸ್ಟ್ ಬಿಸಿಗೆ ಅದರೊಳಗೆ ಆಯಿಲ್ ಸೀದು ಕರಕು ಕಟ್ಟಿರುತ್ತದೆ, ಹೊಸ ಟರ್ಬೊವನ್ನೂ ಅದೇ ಕೊಲ್ಲುತ್ತದೆ.

ಸಿಗ್ನಲಲ್ಲಿ ನಿಂತಾಗ ನಡುಕ, ಮಿಸ್ಸಿಂಗ್

ಇಂಜಿನ್ ದೀಪ ಸುಮ್ನೆ ಉರಿಯುತ್ತಿದ್ದರೆ ನಿಧಾನಕ್ಕೆ ಮನೆಗೆ ಬರಬಹುದು. ಮಿಣುಕುತ್ತಿದ್ದರೆ ಪಕ್ಕಕ್ಕೆ ಹಾಕಿ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ. ಅದು ಕೆಂಪಗೆ ಕಾಯುತ್ತದೆ, ಒಣಹುಲ್ಲಿನ ಮೇಲಂತೂ ನಿಲ್ಲಿಸಲೇಬೇಡಿ.

ಪ್ರತಿ ಸಿಲಿಂಡರಿಗೆ ಒಂದೊಂದು ಇಗ್ನಿಷನ್ ಕಾಯಿಲ್ ಇದೆ, ಅವು ಈ ಇಂಜಿನ್ನಿನ ಹೆಸರಾಂತ ದೌರ್ಬಲ್ಯ. ಪರೀಕ್ಷೆ ಪುಕ್ಕಟೆ. 16685 ಕೋಡ್ ಅಂದರೆ ಒಂದನೇ ಸಿಲಿಂಡರ್ ಮಿಸ್, ಅಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಒಂದನೆಯ ಕಾಯಿಲನ್ನು ಎರಡಕ್ಕೆ, ಎರಡನೆಯದನ್ನು ಒಂದಕ್ಕೆ ಹಾಕಿ, ಕೋಡ್ ಅಳಿಸಿ, ಒಂದು ಸುತ್ತು ಹೋಗಿ ಬನ್ನಿ. ಈಗ 16686 ಬಂದರೆ ದೋಷ ಕಾಯಿಲ್ ಜೊತೆ ಓಡಾಡುತ್ತಿದೆ, ಕಾಯಿಲ್ ಬದಲಾಯಿಸಿ. ಕೋಡ್ ಅಲ್ಲೇ ಉಳಿದರೆ ಸ್ಪಾರ್ಕ್ ಪ್ಲಗ್, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಷನ್. ಪ್ಲಗ್ ಬಿಗಿ ಮಾಡುವಾಗ 30 ನ್ಯೂಟನ್ ಮೀಟರ್ ಸಾಕು, ತೋಳ್ಬಲ ಬೇಡ. ಇಂಜಿನ್ನಿನ ಹೆಡ್ ಅಲ್ಯೂಮಿನಿಯಂನದು, ಬಿಸಿ ಇದ್ದಾಗ ಪ್ಲಗ್ ಬಿಚ್ಚಿದರೆ ತೂತಿನೊಳಗಿನ ತಿರುಪಿನ ಗೆರೆಗಳೇ ಕಿತ್ತು ಬರಬಹುದು.

ಬಿಸಿ ಇಂಜಿನ್ ಸ್ಟಾರ್ಟ್ ಆಗಲು ತಕರಾರು, ಮೈಲೇಜ್ ಬಿದ್ದಿದೆ, ಟೆಂಪರೇಚರ್ ಮುಳ್ಳು ಆಗಾಗ ದಿಢೀರನೆ ಸೊನ್ನೆಗೆ ಬೀಳುತ್ತದೆ. ಈ ಮೂರು ಕೂಡಿ ಬಂದರೆ ಕೂಲೆಂಟ್ ಸೆನ್ಸರ್. ಹಳೆಯದರ ತಲೆ ಕಪ್ಪು, ಸುಧಾರಿಸಿದ ಹೊಸದರದ್ದು ಹಸಿರು. ಅಗ್ಗದ ವಸ್ತು, ಹತ್ತು ನಿಮಿಷದ ಕೆಲಸ.

ಥ್ರಾಟಲ್ ವ್ಯವಸ್ಥೆಯ ದೋಷ ತೋರಿಸುವ ಇಪಿಸಿ ದೀಪ ಹತ್ತಿದರೆ ಥ್ರಾಟಲ್ ಬಾಡಿ ಬಿಚ್ಚುವ ಮೊದಲು ಯಾರನ್ನಾದರೂ ಹಿಂದೆ ನಿಲ್ಲಿಸಿ ಬ್ರೇಕ್ ಒತ್ತಿ. ಬ್ರೇಕ್ ಲೈಟ್ ಹತ್ತಲಿಲ್ಲವೇ? ಪೆಡಲ್ ಬುಡದ ಸ್ವಿಚ್ ಹೋಗಿದೆ, ಇಪಿಸಿಗೂ ಅದೇ ಕಾರಣ ಇರಬಹುದು.

ಟ್ರಾಫಿಕ್ಕಲ್ಲಿ ಹೀಟ್ ಆಗುತ್ತದೆ, ಹೈವೇಲಿ ಸರಿ

ಸಿಲ್ಕ್ ಬೋರ್ಡ್ ಜಂಕ್ಷನ್ ಇದಕ್ಕೆ ಒಳ್ಳೆಯ ಪರೀಕ್ಷಾ ಕೇಂದ್ರ. ಮುಳ್ಳು 90ರಿಂದ ಮೇಲೆದ್ದರೆ ಮೊದಲು ಎಸಿ ಆನ್ ಮಾಡಿ ಬಾನೆಟ್ ತೆರೆದು ಕಿವಿಗೊಡಿ. ಎಸಿ ಹಾಕಿದ ಕೂಡಲೇ ಎರಡೂ ಫ್ಯಾನು ಕಡಿಮೆ ವೇಗದಲ್ಲಿ ತಿರುಗಬೇಕು. ತಿರುಗದೆ, ಇಂಜಿನ್ ವಿಪರೀತ ಕಾದ ಮೇಲೆ ಮಾತ್ರ ಜೋರಾಗಿ ತಿರುಗಿದರೆ ಕಡಿಮೆ ವೇಗದ ಸುರುಳಿ ಸುಟ್ಟಿದೆ. ನಿಂತಾಗ ಎಸಿ ತಣ್ಣಗಾಗದೆ ಓಡುವಾಗ ತಣ್ಣಗಾಗುವುದೂ ಇದೇ ರೋಗದ ಲಕ್ಷಣ. ಗ್ಯಾಸ್ ತುಂಬಿಸಲು ಹೋಗಿ ದುಡ್ಡು ಕಳೆಯಬೇಡಿ.

ಫ್ಯಾನ್ ಸರಿ ಇದ್ದರೆ ಕೂಲೆಂಟ್ ಮಟ್ಟ. ತಣ್ಣಗಾದ ಮೇಲೆ ಮಾತ್ರ ಮುಚ್ಚಳ ತೆಗೆಯಿರಿ. ಬಿಸಿಯಲ್ಲಿ ತೆಗೆದರೆ ಕುದಿಯುವ ನೀರು ಮುಖಕ್ಕೇ ಬರುತ್ತದೆ. ಮಟ್ಟ ಇಳಿಯುತ್ತಿದ್ದು ಸೋರುವುದು ಎಲ್ಲೂ ಕಾಣದಿದ್ದರೆ ಗೇರ್‌ಬಾಕ್ಸಿನ ಮೇಲ್ಭಾಗ ನೋಡಿ. ಹೆಡ್ಡಿನ ಆ ಬದಿಗೆ ಒಂದು ಪ್ಲಾಸ್ಟಿಕ್ ಫ್ಲ್ಯಾಂಜ್ ಇದೆ, ಅದು ಬಿರಿದು ಅಲ್ಲೇ ತೊಟ್ಟಿಕ್ಕಿ ಒಣಗಿ ಗುಲಾಬಿ ಹುಡಿ ಬಿಟ್ಟಿರುತ್ತದೆ.

ಹೈವೇಯಲ್ಲೂ ಕಾಯುತ್ತಿದೆ, ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತಿದೆ ಅಂದರೆ ನೀರು ಸುತ್ತುತ್ತಿಲ್ಲ. ಹಳೇ ವಾಟರ್ ಪಂಪಿನ ಪ್ಲಾಸ್ಟಿಕ್ ರೆಕ್ಕೆ ಶಾಫ್ಟಿನ ಮೇಲೆ ಜಾರುತ್ತಿರಬಹುದು. ಇಲ್ಲಿ ನಿಲ್ಲಿಸಿ. ಹೀಟ್ ಆದ ಕಾರನ್ನು ‘ಇನ್ನೆರಡು ಕಿಲೋಮೀಟರ್’ ಓಡಿಸಿದವರು ಹೆಡ್ ಗ್ಯಾಸ್ಕೆಟ್ ಬಿಲ್ ಕಟ್ಟುತ್ತಾರೆ.

ಹೊಗೆ

ಬಣ್ಣ ಮತ್ತು ಸಮಯ ಎರಡೂ ಮುಖ್ಯ. ಬೆಳಗ್ಗೆ ಮೊದಲ ಸ್ಟಾರ್ಟಿಗೆ ಒಂದು ಗುಟುಕು ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲು, ಅವಸರವಿಲ್ಲ. ಐಡಲ್‌ನಲ್ಲಿ ಸ್ವಲ್ಪ ಹೊತ್ತು ನಿಂತು ಮುಂದೆ ಹೊರಟಾಗ ನೀಲಿ ಮೋಡ ಎದ್ದರೆ ಟರ್ಬೊ ಸೀಲಿನ ಅನುಮಾನ, ಆದರೆ ಮೊದಲು ಬ್ರೀದರ್ ಪೈಪ್ ಕಟ್ಟಿದೆಯಾ ನೋಡಿ. ಹೊಟ್ಟೆಯೊಳಗಿನ ಒತ್ತಡಕ್ಕೆ ದಾರಿ ಇಲ್ಲದಿದ್ದರೆ ಒಳ್ಳೆಯ ಟರ್ಬೊ ಕೂಡ ಆಯಿಲ್ ಉಗುಳುತ್ತದೆ. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ. ಇಂಜಿನ್ ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಲೇ ಇದ್ದರೆ, ಕೂಲೆಂಟೂ ಇಳಿಯುತ್ತಿದ್ದರೆ, ಹೆಡ್ ಗ್ಯಾಸ್ಕೆಟ್. ಕೊಳ್ಳಲು ಹೋದ ಕಾರಲ್ಲಿ ಇದು ಕಂಡರೆ ಟೀ ಕುಡಿದು ಎದ್ದು ಬನ್ನಿ.

ಕೆಂಪು ಆಯಿಲ್ ದೀಪ, ಮೂರು ಬಾರಿ ಬೀಪ್

ಇಂಜಿನ್ ಆಫ್. ಈಗಲೇ. ಮನೆ ಕಂಡರೂ ಆಫ್.

ಡಿಪ್‌ಸ್ಟಿಕ್ ನೋಡಿ. ಆಯಿಲ್ ಕಡಿಮೆ ಇದ್ದರೆ ಹಾಕಿ, ದೀಪ ಹೋದರೆ ಬಚಾವ್. ಮಟ್ಟ ಸರಿ ಇದ್ದೂ ದೀಪ ಬಂದರೆ ಎರಡೇ ಸಾಧ್ಯತೆ. ಒಂದು, ಅಗ್ಗದ ಪ್ರೆಷರ್ ಸ್ವಿಚ್ ಕೆಟ್ಟಿದೆ. ಇನ್ನೊಂದು, ನಿಜಕ್ಕೂ ಒತ್ತಡ ಇಲ್ಲ. "ಸ್ವಿಚ್ ಇರಬೇಕು ಬಿಡಿ" ಅನ್ನುವವರ ಮಾತು ಕೇಳಬೇಡಿ. ಗೇಜ್ ಹಾಕಿ ಅಳೆದು ಗೊತ್ತಾಗುವ ತನಕ ಸ್ಟಾರ್ಟ್ ಮಾಡುವಂತಿಲ್ಲ. ಟರ್ಬೊ ಬಿಸಿಗೆ ಅಗ್ಗದ ಮಿನರಲ್ ಆಯಿಲ್ ಸೀದು ಕಿಟ್ಟವಾಗಿ, ಸಂಪಿನ (ಇಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತಟ್ಟೆ) ತಳದ ಜಾಲರಿಯನ್ನು ಮುಚ್ಚುತ್ತದೆ. ಕೊಳ್ಳುವ ದಿನ ಮುಚ್ಚಳದ ಕೆಳಗೆ ಟಾರ್ಚ್ ಬಿಡಿ ಎಂದದ್ದು ಇದಕ್ಕೇ. ಮದ್ದು ಒಂದೇ: ಸಂಪ್ ಇಳಿಸಿ ಜಾಲರಿ ತೊಳೆಯುವುದು. ಫ್ಲಶ್ ಬಾಟಲಿ ಸುರಿದರೆ ಕಿಟ್ಟ ಎದ್ದು ಹೋಗಿ ಅದೇ ಜಾಲರಿಗೆ ಕೂರುತ್ತದೆ.

ಬಳಸಬೇಕಾದ್ದು ವಿಡಬ್ಲ್ಯು 502 00 ಮಾನದಂಡದ ಪೂರ್ತಿ ಸಿಂಥೆಟಿಕ್, 5ಡಬ್ಲ್ಯು-40. ಆಗುಂಬೆಯ 14 ತಿರುವು ಹತ್ತಿ ಮೇಲೆ ನಿಂತ ಕೂಡಲೇ ಕೀ ತಿರುಗಿಸಬೇಡಿ. ಒಂದೆರಡು ನಿಮಿಷ ಐಡಲ್ ಬಿಡಿ, ಟರ್ಬೊ ಉಸಿರಾಡಿಕೊಳ್ಳಲಿ.

ಗೇರ್ ಬೀಳುತ್ತಿಲ್ಲ, ಕ್ಲಚ್ ಜಾರುತ್ತಿದೆ

ಗೇರ್ ಬೀಳದಿದ್ದರೆ ಬ್ರೇಕ್ ಆಯಿಲ್ ಮಟ್ಟ ನೋಡಿ. ತಮಾಷೆಯಲ್ಲ, ಕ್ಲಚ್ಚಿಗೂ ಆಯಿಲ್ ಬರುವುದು ಅದೇ ಡಬ್ಬಿಯಿಂದ. ಮಟ್ಟ ಇಳಿದಿದ್ದರೆ ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗುವ ತನಕ ಓಡಿಸಬೇಡಿ, ಅದು ಬ್ರೇಕ್ ಪ್ರಶ್ನೆಯೂ ಹೌದು. ಆಯಿಲ್ ಸರಿ ಇದ್ದು ಲಿವರ್ ಗಂಜಿಯಲ್ಲಿ ಸೌಟು ಆಡಿಸಿದ ಹಾಗೆ ಆಡಿದರೆ ಶಿಫ್ಟ್ ಕೇಬಲ್ಲಿನ ಬುಷ್. ಎರಡನೇ ಗೇರಿಗೆ ಹಾಕುವಾಗ ಮಾತ್ರ ಕರ್ ಅಂದರೆ ಗೇರುಗಳ ವೇಗ ಹೊಂದಿಸುವ ಸಿಂಕ್ರೊ ಸವೆದಿದೆ, ಅದು ಬಾಕ್ಸ್ ಬಿಚ್ಚುವ ಕೆಲಸ.

ಕ್ಲಚ್ ಪರೀಕ್ಷೆ: ನಾಲ್ಕನೇ ಗೇರ್, 2,000 ಆರ್‌ಪಿಎಮ್, ಪೂರ್ತಿ ಒತ್ತಿ. ಸ್ಪೀಡ್ ಏರದೆ ಮುಳ್ಳು ಮಾತ್ರ ಹಾರಿದರೆ ಕ್ಲಚ್ ಮುಗಿದಿದೆ.

ಕಟಕಟ, ಜಾರಿದ ಗಾಜು, ಒದ್ದೆ ಕಾರ್ಪೆಟ್

ಹಂಪ್ ಮೇಲೆ ಕಟಕಟ ಅಂದರೆ ಆಂಟಿರೋಲ್ ಬಾರಿನ ಲಿಂಕ್‌ನಿಂದ ಶುರು ಮಾಡಿ, ಆಮೇಲೆ ಲೋವರ್ ಆರ್ಮ್ ಬುಷ್, ಆಮೇಲೆ ಸ್ಟ್ರಟ್ ಮೌಂಟ್. ಗಾಜು ದೊಪ್ಪನೆ ಬಾಗಿಲೊಳಗೆ ಬಿದ್ದರೆ ರೆಗ್ಯುಲೇಟರಿನ ಪ್ಲಾಸ್ಟಿಕ್ ಕ್ಲಿಪ್ ಮುರಿದಿದೆ, ಮೋಟಾರ್ ಬದಲಾಯಿಸಬೇಡಿ. ಮಳೆಗಾಲದಲ್ಲಿ ಕಾರ್ಪೆಟ್ ಒದ್ದೆಯಾದರೆ ವೈಪರ್ ಕೆಳಗಿನ ಚರಂಡಿಯಲ್ಲಿ ಎಲೆ ಕಟ್ಟಿದೆ, ಕೈ ಹಾಕಿ ತೆಗೆಯಿರಿ.

ಪವರ್ ಏರಿಸಿದ ಮೇಲೆ ಶುರುವಾದ ಕಾಯಿಲೆಗಳು

ನನ್ನ ಕಾರಿನ ಹಿಂದಿನ ಮಾಲೀಕರು ಡೈವರ್ಟರ್ ಬದಲಿಗೆ, ಉಳಿದ ಬೂಸ್ಟನ್ನು ‘ಪುಸ್ಸ್’ ಅಂತ ಹೊರಗೆ ಬಿಡುವ ಆ ಮಿಂಚುವ ವಾಲ್ವ್ ಹಾಕಿಸಿದ್ದರು. ಗೇರ್ ಬದಲಾಯಿಸಿದಾಗಲೆಲ್ಲ ಲಾರಿ ಏರ್‌ಬ್ರೇಕಿನ ಹಾಗೆ ಸದ್ದು. ಮಕ್ಕಳಿಗೆ ಬಹಳ ಇಷ್ಟ ಆಗಿತ್ತು. ಜೊತೆಗೆ ಒಂದು ಗುಟುಕು ಕಪ್ಪು ಹೊಗೆ, ಸಿಗ್ನಲಿಗೆ ಬಂದು ಕ್ಲಚ್ ಒತ್ತಿದರೆ ಇಂಜಿನ್ ಆಫ್. ಕಾರಣ ಸರಳ. ಏರ್ ಮಾಸ್ ಸೆನ್ಸರ್ ಆ ಗಾಳಿಯನ್ನು ಆಗಲೇ ಅಳೆದು ಲೆಕ್ಕ ಕೊಟ್ಟಿದೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಹಾಕಿದೆ. ಗಾಳಿ ಮಾತ್ರ ಬೀದಿಗೆ ಹೋಗಿದೆ. ಕಿತ್ತು 710ಎನ್ ಹಾಕಿದ ದಿನವೇ ಮೂರೂ ತೊಂದರೆ ನಿಂತವು. ಎಣ್ಣೆ ಹಚ್ಚುವ ಕೋನ್ ಫಿಲ್ಟರ್ ಇದ್ದರೆ ಅದನ್ನೂ ಅನುಮಾನಿಸಿ. ಎಣ್ಣೆಯ ತುಂತುರು ಸೆನ್ಸರ್ ತಂತಿಗೆ ಕೂತು ಸುಳ್ಳು ಲೆಕ್ಕ ಬರುತ್ತದೆ.

ರೀಮ್ಯಾಪ್ ಮಾಡಿಸಬಹುದು. ಟರ್ಬೊ, ಪೈಪು, ಇಂಟರ್‌ಕೂಲರ್ ಮುಟ್ಟದೆ ಬರೀ ಸಾಫ್ಟ್‌ವೇರಿನಿಂದ ಈ ಇಂಜಿನ್ 180-190 ಎಚ್‌ಪಿಯ ಹತ್ತಿರ ಹೋಗುತ್ತದೆ, ಅದರಲ್ಲಿ ಅತಿಶಯ ಇಲ್ಲ. ಆದರೆ ಮೇಲಿನ ಯಾವ ಲಕ್ಷಣವೂ ಇಲ್ಲದ ಕಾರಿಗೆ ಮಾತ್ರ. 032 ಬ್ಲಾಕ್ ಸರಿ ಇಲ್ಲದ ಕಾರಿಗೆ ರೀಮ್ಯಾಪ್ ಮಾಡಿಕೊಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡಿ. ಮಾಡಿಸಿದ ಮೇಲೆ ಕ್ಲಚ್ ಜಾರಿದರೆ ಆಶ್ಚರ್ಯ ಬೇಡ, ಹಳೆಯದು ಅಷ್ಟು ಟಾರ್ಕ್ ಕಂಡಿರಲಿಲ್ಲ. ಇಂಜಿನ್ ಹೊರೆಯಲ್ಲಿ ಕಟಕಟ ಕಲ್ಲು ಕುಟ್ಟಿದ ಸದ್ದು ಬಂದರೆ ತಕ್ಷಣ ಕಾಲು ತೆಗೆಯಿರಿ. ಅದು ನಾಕ್, ಪೆಟ್ರೋಲ್ ಹದ ತಪ್ಪಿ ತಾನಾಗೇ ಸಿಡಿಯುವುದು. 95 ಆಕ್ಟೇನ್ ಹಾಕಿ, 020 ಬ್ಲಾಕಿನಲ್ಲಿ ಇಸಿಯು ಕಿಡಿಯ ಟೈಮಿಂಗನ್ನು ಎಷ್ಟು ಹಿಂದೆ ಎಳೆಯುತ್ತಿದೆ ನೋಡಿ, ಮ್ಯಾಪ್ ಮಾಡಿದವರಿಗೆ ಆ ಲಾಗ್ ತೋರಿಸಿ. ಬೂಸ್ಟ್ ಜಾಸ್ತಿ ಆದಾಗ ಮಾತ್ರ ಮಿಸ್ ಹೊಡೆದರೆ ಪ್ಲಗ್ಗಿನ ಸಂದನ್ನು 0.7 ಮಿ.ಮೀ.ಗೆ ಇಳಿಸಿ ನೋಡಿ. ಟಯರ್ ಸುಟ್ಟು ಹೊರಡುವ ಚಟ ಇದ್ದರೆ ಗೇರ್‌ಬಾಕ್ಸಿನೊಳಗೆ ಡಿಫರೆನ್ಷಿಯಲ್ಲಿನ ರಿವೆಟ್ ಕಿತ್ತು ಬಾಕ್ಸಿನ ಗೋಡೆಯನ್ನೇ ಒಡೆಯಬಹುದು. ಇದು ಗೊತ್ತಿದ್ದರೂ ಮಾಡುವವರಿಗೆ ನಾನೇನೂ ಹೇಳಲಾರೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ಕಂಪನಿಯ ವಿವರಕ್ಕೆ ಹೊಂದದ ಬದಲಾವಣೆಗೆ ಅವಕಾಶ ಇಲ್ಲ. ಅಪಘಾತ ಆದಾಗ ವಿಮೆಯವರು ಮೊದಲು ಹುಡುಕುವುದೂ ಅದನ್ನೇ. ಏನು ಮಾಡಿಸಿದರೂ ಇದು ತಲೆಯಲ್ಲಿರಲಿ.

ಚಕ್ರ ಬದಲಾಯಿಸಿದ ಮೇಲೆ 80ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆಯೇ? ಶಿವಾಜಿನಗರದ ಗುಜರಿಯಲ್ಲಿ ಲಾರಾದ ಅಲಾಯ್ ಸಿಕ್ಕಿತು, ಎರಡೂ ಸ್ಕೋಡಾ ತಾನೇ ಎಂದು ತಂದಿರುತ್ತೀರಿ. ಲಾರಾದ ಬೋಲ್ಟ್ ಅಳತೆ 5×112, ಅಂದರೆ 112 ಮಿ.ಮೀ. ವ್ಯಾಸದ ವೃತ್ತದಲ್ಲಿ 5 ಬೋಲ್ಟ್, ನಿಮ್ಮದು 5×100. ನೇರವಾಗಿ ಕೂರುವುದೇ ಇಲ್ಲ. ತೂತು ಅಗಲ ಮಾಡಿ ಓರೆಯಾಗಿ ಬಿಗಿದ ಬೋಲ್ಟ್ ಯಾವತ್ತಾದರೂ ತುಂಡಾಗುತ್ತದೆ. ಆ ಕಾರನ್ನು ಇನ್ನು ಓಡಿಸದೆ, ನಿಂತ ಜಾಗದಲ್ಲೇ ಹಳೇ ಚಕ್ರ ವಾಪಸ್ ಹಾಕಿ, ಬೋಲ್ಟುಗಳನ್ನು ಎಸೆದು ಹೊಸದು ತನ್ನಿ.